ರುಚಿಯಕ್ಕನ ಎರಡು ಚಮಚ

ಗ್ರಂಥಾಲಯವನ್ನು ಚಿಕ್ಕ ಕಟ್ಟಡಕ್ಕೆ ಸಾಗಿಸುವುದಿತ್ತು. ಮೂರು ವಾರದಿಂದ ಪುಸ್ತಕ ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಯಾವುದು ಇರಬೇಕು, ಯಾವುದು ರದ್ದಿಗೆ ಎಂದು ಹೇಳುವವರು ಅಧಿಕಾರಿ. ಧೂಳು ಕುಡಿಯುವವಳು ನಾನು.

ಕೊನೆಗೆ ಉಳಿದದ್ದು ಎರಡು ರಟ್ಟಿನ ಪೆಟ್ಟಿಗೆ. ತುಂಬ ಹಳೆಯ, ತೆಳ್ಳನೆಯ ಅಡುಗೆ ಪುಸ್ತಕಗಳು. ಬೇಕಿಂಗ್ ಪೌಡರ್ ಡಬ್ಬಿಯ ಜೊತೆ ಪುಕ್ಕಟೆ ಕೊಡುತ್ತಿದ್ದಂಥವು; ಯಾರ್ಯಾರೋ ಮನೆಯಿಂದ ತಂದುಕೊಟ್ಟ ಪ್ರತಿಗಳು. ಮುಖಪುಟದಲ್ಲಿ ಮುತ್ತಿನ ಸರ ಹಾಕಿಕೊಂಡು ನಗುವ ‘ರುಚಿಯಕ್ಕ’.

“ಬರೀ ಜಾಹೀರಾತು. ಕಳಿಸಿಬಿಡಿ,” ಎಂದರು ಅಧಿಕಾರಿ.

“ಸರ್, ಕಂಪನಿ ಏನು ಬೇಯಿಸಿ ಅಂತಿತ್ತು, ಮನೇಲಿ ಏನು ಬೇಯಿಸ್ತಿದ್ರು, ಎಲ್ಲ ಇದರಲ್ಲೇ ಇದೆ. ಬೇರೆ ಯಾರೂ ಬರೆದಿಟ್ಟಿಲ್ಲ.”

“ಬರೆದೋರು ಯಾರು ಹೇಳಿ? ಲೇಖಕರ ಹೆಸರಿಲ್ಲದ್ದನ್ನ ಸೇರಿಸೋಕೆ ಬರಲ್ಲ. ನಾಲ್ಕಕ್ಕೆ ರದ್ದಿ ಲಾರಿ ಬರುತ್ತೆ.”

ರುಚಿಯಕ್ಕ ಎಂಬವಳು ಇರಲೇ ಇಲ್ಲ. ಇದ್ದವಳು ನನ್ನ ಚಿಕ್ಕಮ್ಮ. ಆ ಕಂಪನಿಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಹಿಟ್ಟು ಕಲಸಿ, ಅಳತೆ ಬರೆದು, ಒಂದು ಸಲವೂ ಹೆಸರು ಅಚ್ಚಾಗದೆ ಮನೆಗೆ ಬಂದವಳು. ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಟ್ಯಾಕ್ಸಿ ಮಾಡಿ ಅವಳನ್ನು ಕರೆತಂದೆ. ಪುಸ್ತಕ ಸೇರಿಸುವ ಫಾರಂನಲ್ಲಿ ಲೇಖಕಿ ಎಂದು ಹೆಸರು ಬರೆದುಕೊಟ್ಟರೆ ಸಾಕಿತ್ತು.

ಅವಳು ಕನ್ನಡಕ ಒರೆಸಿಕೊಂಡು ಕೇಕಿನ ಪುಟ ತೆಗೆದಳು. ನೋಡಿ ಮುಚ್ಚಿದಳು.

“ಇದು ನಂದಲ್ಲ ಬಿಡು.”

“ಚಿಕ್ಕಮ್ಮ, ಈಗ ಸತಾಯಿಸಬೇಡ. ಇರೋದೇ ಒಂದು ಗಂಟೆ.”

“ಎರಡು ಚಮಚ ಪೌಡರ್ ಅಂತಿದೆ. ನಾನು ಬರೆದದ್ದು ಒಂದು. ಡಬ್ಬಿ ಬೇಗ ಖಾಲಿಯಾಗ್ಲಿ ಅಂತ ಮ್ಯಾನೇಜರು ಎರಡು ಮಾಡಿಸಿದ್ರು. ನಾನು ಬಾಯಿ ಮುಚ್ಕೊಂಡಿದ್ದೆ. ಎಷ್ಟು ಮನೇಲಿ ಕಹಿ ಕೇಕ್ ತಿಂದ್ರೋ. ಅದಕ್ಕೆ ನನ್ನ ಹೆಸರು ಹಾಕ್ಲಾ?”

ಪುಸ್ತಕಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಲು ಹೋದವಳು ಅಲ್ಲೇ ನಿಂತೆ. ಕೇಕಿನ ಪುಟದ ಮೇಲೆ ಪೆನ್ಸಿಲ್ ಗೀಚಿದ್ದನ್ನು ದಿನಾ ನೋಡುತ್ತಲೇ ಇದ್ದೆ. ಪುಸ್ತಕ ಹಾಳು ಮಾಡಿದ್ದಾರೆ ಎಂದು ಬೈದುಕೊಂಡು, ಏಳೆಂಟರಲ್ಲಿ ರಬ್ಬರಿನಿಂದ ನಾನೇ ಅಳಿಸಿಯೂ ಇದ್ದೆ. ಅವಳು ತೆರೆದು ನೋಡಿದ್ದೂ ಅಂಥದ್ದೇ ಒಂದು. ಗೀಚಿದ್ದೆಲ್ಲ ಹೊಲಸು ಎಂಬುದು ನಮ್ಮ ಗ್ರಂಥಾಲಯದವರ ರೋಗ.

ಉಳಿದವನ್ನು ಒಂದೊಂದಾಗಿ ಅವಳ ಮುಂದೆ ತೆರೆದಿಟ್ಟೆ. ಎಲ್ಲದರಲ್ಲೂ ‘ಎರಡು’ ಎಂಬುದಕ್ಕೆ ಅಡ್ಡಗೆರೆ. ಪಕ್ಕದಲ್ಲಿ ಬೇರೆ ಬೇರೆ ಕೈಬರಹ: ‘ಒಂದು ಸಾಕು.’ ‘ಒಂದೇ, ಮರೆಯಬಾರದು.’ ‘ಕಹಿಯಾಗುತ್ತೆ, ಒಂದು ಹಾಕು.’

ಚಿಕ್ಕಮ್ಮ ಪ್ರತಿಯೊಂದನ್ನೂ ತುಟಿ ಆಡಿಸಿಕೊಂಡು ಓದಿದಳು. ಅಳು ಬಂದಿತ್ತು, ಮುಚ್ಚಿಡಲಿಲ್ಲ. ಅಳಿಸಿದ್ದರ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ.

“ಫಾರಂ ಕೊಡು,” ಎಂದಳು.

ಲಾರಿಯ ಜೊತೆಗೇ ಬಂದ ಅಧಿಕಾರಿ ಫಾರಂ ಎತ್ತಿಕೊಂಡರು. ಲೇಖಕರ ಸಾಲಿನಲ್ಲಿ ಚಿಕ್ಕಮ್ಮನ ಪೂರ್ತಿ ಹೆಸರಿತ್ತು. ಅದರ ಮುಂದೆ ‘ಮತ್ತು ಇತರರು’ ಎಂದಿತ್ತು.

“ಈ ಇತರರು ಯಾರಮ್ಮ?”

“ತಿಂದು ತಿದ್ದಿದೋರು,” ಎಂದಳು ಚಿಕ್ಕಮ್ಮ.

ಅವರು ತೆರೆದಿಟ್ಟ ಪುಟಗಳ ಪೆನ್ಸಿಲ್ ಬರಹವನ್ನು ಓದಿ, ಸೇರ್ಪಡೆಯ ಮುದ್ರೆ ಒತ್ತಿದರು.