ಸುಣ್ಣದ ಬೊಟ್ಟಿನ ಬಾಟಲಿ

ರೈಲಿಳಿದ ಕೂಡಲೇ ಅತ್ತೆ ಮೂಗೆತ್ತಿ ಒಮ್ಮೆ ಜೋರಾಗಿ ಗಾಳಿ ಎಳೆದುಕೊಂಡರು. ಹೊಸ ಊರಿಗೆ ಬಂದವರು ಸಾಮಾನ್ಯವಾಗಿ ಕಣ್ಣರಳಿಸಿ ನೋಡುತ್ತಾರೆ. ಈಕೆಗೆ ಮಾತ್ರ ಎಲ್ಲವೂ ಮೂಗಿನ ಮೂಲಕವೇ ಆಗಬೇಕು. "ಡೀಸೆಲ್ಲು, ಒದ್ದೆ ಗೋಣಿ, ಎಲ್ಲೋ ಸೀದುಹೋದ ಹಾಲು. ಹೂಂ, ನಡಿಯೇ," ಎಂದು ಊರಿನ ಯೋಗ್ಯತೆಯನ್ನು ಅಲ್ಲೇ ಇತ್ಯರ್ಥ ಮಾಡಿ ದಾಪುಗಾಲು ಹಾಕಿದರು. ಎರಡೂ ಕೈಯಲ್ಲಿ ಚೀಲ ಹಿಡಿದ ಸೊಸೆ ಹಿಂದೆ ಓಡಿದಳು.

ಅವರದ್ದು ದ್ರಾಕ್ಷಿ ತೋಟದ ಮನೆ. ಮನೆಯ ಕೆಳಗೆ ಕಲ್ಲು ಕಟ್ಟಿದ ನೆಲಮಾಳಿಗೆ, ಅದರ ತುಂಬ ಪೀಪಾಯಿಗಳು. ಮಾವ ಬದುಕಿದ್ದಷ್ಟು ದಿನ ಆ ನೆಲಮಾಳಿಗೆಯಿಂದ ಹೊರಟ ವೈನಿಗೆ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ಯಾವ ಪೀಪಾಯಿಯದ್ದನ್ನು ಯಾವುದಕ್ಕೆ ಎಷ್ಟು ಬೆರೆಸಬೇಕು ಅನ್ನುವುದು ಅವರ ನಾಲಿಗೆಗೆ ಗೊತ್ತಿತ್ತು. ಅವರು ಹೋದ ಮೇಲೆ ಅತ್ತೆ ತಾವೇ ಬೆರೆಸಲು ನೋಡಿದರು. ಬೆರೆಸಿ, ಕುಡಿದು, "ಇದು ವೈನಲ್ಲ, ಬಣ್ಣದ ನೀರು" ಎಂದು ತಮ್ಮನ್ನು ತಾವೇ ಬೈದುಕೊಂಡು ಕೈಚೆಲ್ಲಿದರು. ಮಗ ಬಳ್ಳಿಗಳನ್ನು ಮಕ್ಕಳ ಹಾಗೆ ಸಾಕುತ್ತಾನೆ, ಆದರೆ ಅವನ ನಾಲಿಗೆಗೆ ವೈನೂ ಒಂದೇ, ಕಷಾಯವೂ ಒಂದೇ. ಇನ್ನು ಸೊಸೆ. ಅವಳನ್ನು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಗ್ಲಾಸನ್ನು ಮೊದಲು ಮೂಸಿ ನೋಡುತ್ತಿದ್ದದ್ದು ಮಾವ; ಮೂಸಿ ಅತ್ತೆಯ ಕಡೆ ತಳ್ಳುತ್ತಿದ್ದರು. ಈಗ ಮೊದಲು ಮೂಸುವವರು ಅತ್ತೆ. ಅಲ್ಲಿಂದಾಚೆಗೆ ಆ ಗ್ಲಾಸು ಯಾರ ಕಡೆಗೂ ಹೋಗುತ್ತಿರಲಿಲ್ಲ.

ಹಾಗಾಗಿ ಅತ್ತೆ ತೀರ್ಮಾನಿಸಿಬಿಟ್ಟಿದ್ದರು. ಬರುವ ಸುಗ್ಗಿಯಿಂದ ದ್ರಾಕ್ಷಿಯೆಲ್ಲ ದೊಡ್ಡ ಕಾರ್ಖಾನೆಗೆ, ಪೀಪಾಯಿಗಳೆಲ್ಲ ಕೊಂಡವರ ಪಾಲಿಗೆ. ಇವತ್ತು ಸಂಜೆ ಕಾರ್ಖಾನೆಯ ಮ್ಯಾನೇಜರನ್ನು ಕಂಡು ಮಾತು ಕೊಡುವುದಕ್ಕೇ ಇಬ್ಬರೂ ಬಂದದ್ದು. ಅತ್ತೆ ಮಾತು ಕೊಟ್ಟರೆ ಮುಗಿಯಿತು, ಜಪ್ಪಯ್ಯ ಅಂದರೂ ಹಿಂದೆ ಸರಿಯುವ ಹೆಂಗಸಲ್ಲ.

ಸೊಸೆಯ ಹೊಟ್ಟೆಯೊಳಗೆ ಒಂದು ಗುಟ್ಟು ಕೂತಿತ್ತು. ಹೋದ ಚಳಿಗಾಲದಲ್ಲಿ ಅತ್ತೆ ಮಂಡಿನೋವೆಂದು ಮಗಳ ಮನೆಯಲ್ಲಿದ್ದಾಗ ಇವಳು ನೆಲಮಾಳಿಗೆಗಿಳಿದು, ಪೀಪಾಯಿಗಳಲ್ಲಿ ಉಳಿದಿದ್ದನ್ನು ಗುಟುಕು ಗುಟುಕಾಗಿ ರುಚಿ ನೋಡಿ, ಬೆರೆಸಿ, ಕೆಡಿಸಿ, ಮತ್ತೆ ಬೆರೆಸಿ, ಕೊನೆಗೊಂದು ಹದಕ್ಕೆ ತಂದಿದ್ದಳು. ಬಾಟಲಿಗೆ ತುಂಬಿ, ಹೆಸರಿನ ಚೀಟಿ ಅಂಟಿಸದೆ, ದ್ರಾಕ್ಷಿ ಸಾಗಿಸುವ ವ್ಯಾನಿನವನ ಕೈಗೆ ಅಷ್ಟನ್ನೂ ಕೊಟ್ಟು, "ಎಲ್ಲಾದ್ರೂ ಒಂದು ಹೋಟ್ಲಿಗೆ ಕೊಡಪ್ಪ, ಯಾರದ್ದು ಅಂತ ಮಾತ್ರ ಬಾಯಿ ಬಿಡ್ಬೇಡ" ಅಂದಿದ್ದಳು. ಮನೆಯಲ್ಲೇ ಒಂದು ಬಾಟಲಿ ಇಟ್ಟುಕೊಂಡು ಅತ್ತೆಗೆ ಕೊಡಬಹುದಿತ್ತಲ್ಲ ಅಂತೀರಾ? ಕೊಟ್ಟಿದ್ದರೆ ಅತ್ತೆ ವೈನಿನ ರುಚಿ ನೋಡುತ್ತಿರಲಿಲ್ಲ, ಸೊಸೆಯ ಅಧಿಕಪ್ರಸಂಗದ ರುಚಿ ನೋಡುತ್ತಿದ್ದರು. ಯಾರು ಮಾಡಿದ್ದೆಂದು ಗೊತ್ತಿಲ್ಲದೆ ಅತ್ತೆ ಅದನ್ನೊಮ್ಮೆ ಕುಡಿಯಬೇಕು, ಅದೂ ಮಾತು ಕೊಡುವ ಮುಂಚೆ. ಆದರೆ ಆ ಹೋಟೆಲಾದರೂ ಎಲ್ಲಿ? ವ್ಯಾನಿನವನು ಹೇಳಿದ್ದಿಷ್ಟೇ: "ಸ್ಟೇಷನ್ನಿಂದಾಚೆ ಅಕ್ಕಾ. ಹಸಿರು ಬಾಗ್ಲು. ಒಬ್ಬಮ್ಮ ನಡೆಸ್ತಾರೆ. ಬೋರ್ಡ್ ಓದೋಕೆ ಎಲ್ಲಿ ಪುರುಸೊತ್ತು, ಗಾಡಿ ನಿಲ್ಲಿಸೋಕೇ ಜಾಗ ಇರ್ಲಿಲ್ಲ."

ಅತ್ತೆಯನ್ನು ಹೇಗಪ್ಪಾ ಹೊರಡಿಸುವುದು ಎಂದು ಇವಳು ತಲೆ ಕೆಡಿಸಿಕೊಳ್ಳುತ್ತಿರುವಾಗ ಅತ್ತೆಯೇ ದಾರಿ ತೋರಿಸಿದರು.

"ಸಂಜೆವರೆಗೆ ಏನ್ ಮಾಡೋದು? ಈ ಊರಿನ ಜನ ಏನು ಕುಡೀತಾರೆ ನೋಡೋಣ ನಡಿ. ಒಳ್ಳೇದೇ ಕುಡೀತಿದ್ರೆ, ನಮ್ಮ ವೈನ್ ಇಲ್ಲ ಅಂತ ಯಾರೂ ಎದೆ ಬಡ್ಕೊಳಲ್ಲ."

"ಸ್ಟೇಷನ್ನಿಂದಾಚೆ ಚೆನ್ನಾಗಿರುತ್ತಂತೆ ಅತ್ತೆ," ಅಂದಳು ಸೊಸೆ, ಏನೂ ಅರಿಯದವಳ ಹಾಗೆ.

ಮೊದಲು ಹೊಕ್ಕಿದ್ದು ಮಖಮಲ್ ಕುರ್ಚಿಗಳ ಜಾಗ. ಅತ್ತೆಯೇ ಹಟ ಹಿಡಿದು ಹೊಕ್ಕರು. ವೇಟರ್ ಬಂದು ದಪ್ಪ ರಟ್ಟಿನ ವೈನ್ ಮೆನುವನ್ನು ತೆರೆದಿಟ್ಟ. ಅತ್ತೆ ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು.

"ಮೊದ್ಲು ಒಂದು ಖಾಲಿ ಗ್ಲಾಸ್ ತನ್ನಿ."

"ಖಾಲೀನಾ ಮೇಡಂ?"

"ಖಾಲೀನೇ. ತುಂಬಿದ್ದು ಆಮೇಲೆ."

ಅತ್ತೆಯ ಪರೀಕ್ಷೆಯೇ ಅದು. ವೈನು ಸುರಿಯುವ ಮುಂಚೆ ಗ್ಲಾಸನ್ನು ಮೂಸಬೇಕು. ಖಾಲಿ ಗ್ಲಾಸಿಗೆ ಯಾವ ವಾಸನೆಯೂ ಇರಕೂಡದು; ಇದ್ದರೆ ಆ ಮನೆಯವರಿಗೆ ವೈನಿನ ಮೇಲೆ ಮರ್ಯಾದೆ ಇಲ್ಲವೆಂದೇ ಲೆಕ್ಕ. ವೇಟರ್ ಗ್ಲಾಸು ತಂದ. ಅತ್ತೆ ಮೂಗು ಒಳಗಿಟ್ಟು ತೆಗೆದು, "ಒರೆಸೋ ಬಟ್ಟೆ ಒಣಗಿ ಎಷ್ಟು ದಿನ ಆಯ್ತಪ್ಪಾ?" ಎಂದು ಕೇಳಿದರು. ಅವನು ಉತ್ತರ ಹುಡುಕುವಷ್ಟರಲ್ಲಿ ಎದ್ದು ಬೀದಿಯಲ್ಲಿದ್ದರು.

ಸ್ವಲ್ಪ ದೂರದಲ್ಲಿ ಹಸಿರು ಬಾಗಿಲು ಕಂಡಿತು. "ಇಲ್ಲಿ ಅತ್ತೆ, ಇಲ್ಲಿ!" ಎಂದು ಅತ್ತೆಯ ರಟ್ಟೆ ಹಿಡಿದು ಒಳಗೆ ನುಗ್ಗಿಸಿದಳು. ಒಳಗೆ ಗೋಡೆಗೆ ಸಾಲಾಗಿ ಕುರ್ಚಿಗಳು, ಕೆನ್ನೆಗೆ ಕೈಯಿಟ್ಟು ನರಳುತ್ತಿರುವ ಮೂರ್ನಾಲ್ಕು ಜನ, ಬಿಳಿ ಕೋಟಿನ ಒಬ್ಬಾಕೆ. "ಯಾರಿಗೆ ತೆಗೀಬೇಕು?" ಎಂದು ಆಕೆ ಕೇಳಿದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕು!

"ನನ್ನ ಹಲ್ಲು ಕಲ್ಲಿನ ಹಾಗಿದೆ," ಹೊರಗೆ ಬಂದ ಮೇಲೆ ಅತ್ತೆ ಗುಡುಗಿದರು. "ಈಗ್ಲೇ ಕಿತ್ತು ಹಾಕ್ಸೋ ಆಸೆಯೇನೇ ನಿಂಗೆ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ನಗು ಬೇರೆ ಉಕ್ಕಿ ಬರುತ್ತಿತ್ತು.

ಮುಂದಿನ ಹೋಟೆಲಿಗೆ ಗಾಜಿನ ಬಾಗಿಲು. ಗ್ಲಾಸು ಪಾಸಾಯಿತು, ಆದರೆ ಕೆಂಪು ವೈನು ಮಂಜುಗಡ್ಡೆಯಂತೆ ತಣ್ಣಗೆ ಬಂತು. ಅತ್ತೆ ಬಾಟಲಿಯನ್ನು ಮುಟ್ಟಿ ನೋಡಿ, "ಜ್ವರ ಬಂದೋರ ಹಣೆ ಮೇಲಿಡೋಕೆ ಚೆನ್ನಾಗಿದೆ" ಎಂದು ಕೊಂಕು ನುಡಿದು ಎದ್ದರು. ಅದರಾಚೆಯದ್ದರಲ್ಲಿ ಗ್ಲಾಸು ಸೋಪಿನ ವಾಸನೆ ಹೊಡೆಯಿತು. ಅಷ್ಟು ಹೊತ್ತಿಗೆ ಮಧ್ಯಾಹ್ನದ ಬಿಸಿಲು ನೆತ್ತಿಗೇರಿತ್ತು, ಅತ್ತೆಯ ಮಂಡಿ ಮುಷ್ಕರ ಹೂಡಿತ್ತು.

"ಸಾಕು ಕಣೇ. ಹಸಿವು ಬೇರೆ. ಆ ಮ್ಯಾನೇಜರ್ ಹತ್ರ ಈಗ್ಲೇ ಹೋಗಿ ಮಾತು ಕೊಟ್ಟು ಬಿಡೋಣ. ಆಗೋದು ಆಗ್ಲಿ, ನನಗೂ ನಿರಾಳ."

"ಇನ್ನೊಂದೇ ಒಂದು ಬೀದಿ ಅತ್ತೆ. ನಿಮ್ಮ ದಮ್ಮಯ್ಯ."

"ಏನೇ ಇವತ್ತು ನಿನ್ನ ಹಟ? ಮನೇಲಿ ಬಾಯಿಗೆ ಬೀಗ ಹಾಕ್ಕೊಂಡಿರ್ತೀಯ, ಇಲ್ಲಿ ಊರೆಲ್ಲ ಸುತ್ತಿಸ್ತಿದೀಯ."

ಇನ್ನೊಂದು ಬೀದಿಯಲ್ಲಿ ಹಸಿರು ಬಾಗಿಲೇ ಇರಲಿಲ್ಲ. ಸೊಸೆಗೆ ಅಳು ಬಂತು. ಅವಳು ಆ ನೆಲಮಾಳಿಗೆಯನ್ನು ಪ್ರೀತಿಸುತ್ತಿದ್ದಳು. ಅದರ ತಂಪು, ಅದರ ಕತ್ತಲೆ, ಪೀಪಾಯಿಗೆ ಕಿವಿಯಿಟ್ಟರೆ ಒಳಗೆ ಕೇಳುವ ಸಣ್ಣ ಸದ್ದು. ಸಂಜೆಗೆ ಅದೆಲ್ಲ ಬೇರೆಯವರದ್ದಾಗುತ್ತದೆ. ಅತ್ತೆ ಮಂಡಿ ಹಿಡಿದುಕೊಂಡು ಒಂದು ನೀಲಿ ಬಾಗಿಲಿನ ಮೆಟ್ಟಿಲ ಮೇಲೆ ಕುಸಿದು ಕೂತರು, ಕೂತವರೇ ಮೂಗು ಮುಚ್ಚಿಕೊಂಡರು. "ಥೂ, ಹೊಸ ಪೇಂಟು!"

ಸೊಸೆ ತಿರುಗಿ ನೋಡಿದಳು. ಬಾಗಿಲಿನ ತಿರುಗಣಿಯ ಸಂದಿಯಲ್ಲಿ, ಕುಂಚ ತಲುಪದ ಕಡೆ, ಹಳೆಯ ಬಣ್ಣ ಇಣುಕುತ್ತಿತ್ತು. ಹಸಿರು.

ಅಷ್ಟರಲ್ಲಿ ಬಾಗಿಲು ತೆರೆದು ತೋಳೇರಿಸಿಕೊಂಡ ದಪ್ಪನೆಯ ಹೆಂಗಸೊಬ್ಬಳು ಹೊರಬಂದಳು. "ಅಯ್ಯೋ, ಅಲ್ಲಿ ಯಾಕೆ ಕೂತ್ರಿ ಅಮ್ಮಾ? ಬನ್ನಿ ಒಳಗೆ. ಮುಂದಗಡೆ ಬೇಡ, ಪೇಂಟ್ ವಾಸನೇಲಿ ವೈನ್ ಕುಡಿಯೋದುಂಟಾ? ಹಿತ್ತಲ ಕಡೆ ಮೇಜು ಹಾಕಿದೀನಿ."

ಅತ್ತೆಯ ಹುಬ್ಬು ಮೇಲೇರಿತು. ಆ ದಿನ ಅವರಿಗೆ ಮೆಚ್ಚಿಗೆಯಾದ ಮೊದಲ ಮಾತು ಅದು.

ಹಿತ್ತಲಲ್ಲಿ ನೆರಳಿತ್ತು, ತಂಗಾಳಿಯಿತ್ತು. ಖಾಲಿ ಗ್ಲಾಸು ಕೇಳಿದಾಗ ಹೋಟೆಲಿನಾಕೆ ಕಣ್ಣು ಕೂಡ ಪಿಳುಕಿಸಲಿಲ್ಲ. "ನೋಡಿ ಅಮ್ಮಾ, ಧಾರಾಳವಾಗಿ ನೋಡಿ. ಬೋರಲು ಹಾಕಿದ್ರೆ ಗೂಡಿನ ವಾಸನೆ ಹಿಡಿಯುತ್ತೆ ಅಂತ ನಾನು ನೇತು ಹಾಕ್ತೀನಿ." ಅತ್ತೆ ಮೂಸಿದರು. ಗ್ಲಾಸನ್ನು ಮೇಜಿನ ಮೇಲೆ ಮೆಲ್ಲಗಿಟ್ಟರು.

"ಹೆಸರಿಲ್ಲದ್ದು ಒಂದು ವೈನಿದೆ," ಅಂದಳು ಆಕೆ. "ಎರಡೇ ಬಾಟ್ಲಿ ಉಳಿದಿರೋದು. ಕುಡಿಯೋಕೆ ಗೊತ್ತಿರೋರಿಗೆ ಅಂತ ಎತ್ತಿಟ್ಟಿದೀನಿ. ತರ್ಲಾ?"

ಒಳಗಿನಿಂದ ಎರಡು ಗ್ಲಾಸಿಗೆ ಸುರಿದು ತಂದಳು. ಅತ್ತೆ ಮೂಸಿದರು. ಒಂದು ಗುಟುಕು ಕುಡಿದರು. ಆಮೇಲೆ ಅವರ ಕೈ ಮೇಜಿನ ಮೇಲೆ ಹಾಗೆಯೇ ನಿಂತುಹೋಯಿತು.

ಅತ್ತೆ ಇನ್ನೊಂದು ಗುಟುಕು ಕುಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಬಾಟ್ಲಿ ತನ್ನಿ," ಅಂದರು ತಗ್ಗಿದ ದನಿಯಲ್ಲಿ.

ಬಾಟಲಿ ಬಂತು. ಚೀಟಿಯಿಲ್ಲ, ಹೆಸರಿಲ್ಲ. ಆದರೆ ಅದರ ಹೆಗಲ ಮೇಲೆ ಉಗುರಗಲದ ಸುಣ್ಣದ ಬೊಟ್ಟು!

ಆ ಬೊಟ್ಟಿನ ಸಂಗತಿ ಹೇಳಿಬಿಡುತ್ತೇನೆ. ನೆಲಮಾಳಿಗೆಯಲ್ಲಿ ಬಾಟಲಿಗಳನ್ನು ಅಡ್ಡಡ್ಡ ಮಲಗಿಸುತ್ತಾರೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೂ ಮೇಲಿದ್ದ ಮಗ್ಗುಲು ಮೇಲೇ ಇರಬೇಕು, ಇಲ್ಲದಿದ್ದರೆ ತಳದ ಗಸಿ ಕದಡುತ್ತದೆ. ಅದಕ್ಕೆ ಗುರುತಾಗಿ ಮೇಲಿನ ಮಗ್ಗುಲಿಗೆ ಸುಣ್ಣ. ಬೇರೆ ಕಡೆ ಬ್ರಷ್ಷಿನಲ್ಲಿ ಗೆರೆ ಎಳೆಯುತ್ತಾರೆ, ಇವರ ಮನೆಯಲ್ಲಿ ಹೆಬ್ಬೆರಳಿನಿಂದ ಬೊಟ್ಟು. ಮಾವ ಹೋದ ಮೇಲೆ ಅತ್ತೆ ಆ ಪದ್ಧತಿಯನ್ನೇ ನಿಲ್ಲಿಸಿದ್ದರು. ಬೊಟ್ಟಿದ್ದ ಬಾಟಲಿಗಳು ಈಗ ಮಾವನ ಕೈಯ ಕೊನೆಯವು ಮಾತ್ರ. ಒಳಕೋಣೆಯಲ್ಲಿ, ಬೀಗದೊಳಗೆ, ಯಾರೂ ಮುಟ್ಟದಂತೆ.

ಅತ್ತೆ ದಡಕ್ಕನೆ ಎದ್ದರು. ಮಂಡಿನೋವು ಎಲ್ಲಿ ಹೋಯಿತೋ!

"ಕಳ್ಳತನ! ಇದು ನಮ್ಮನೇ ಬಾಟ್ಲಿ, ನಮ್ಮ ಯಜಮಾನರ ವೈನು! ಯಾರ್ರೀ ತಂದು ಕೊಟ್ಟಿದ್ದು?"

"ಯಾರೋ ವ್ಯಾನಿನವನು ಅಮ್ಮಾ, ನಂಗೇನು ಗೊತ್ತು..."

"ವ್ಯಾನಿನವನು! ನಮ್ಮನೇಲಿ ಉಂಡು, ನಮ್ಮ ಬೀಗಕ್ಕೇ ಕೈ ಹಾಕಿದಾನೆ! ಪೊಲೀಸರನ್ನ ಕರೀರಿ. ಬೊಟ್ಟು ಬಿಡಿ, ಬೊಟ್ಟು ಇಲ್ದೇ ಇದ್ರೂ ಹೇಳ್ತಿದ್ದೆ. ಇಷ್ಟು ವರ್ಷ ಅವರ ಜೊತೆ ಬಾಳಿದೀನಿ, ಅವರ ಕೈ ನಂಗೆ ಗೊತ್ತಾಗಲ್ವಾ? ಇದು ಅವರ ಕೈ ಕಣ್ರೀ, ಅವರದ್ದೇ!"

ಸೊಸೆ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಚೀಟಿ ಹಚ್ಚಿರಲಿಲ್ಲ, ಹೆಸರು ಬರೆದಿರಲಿಲ್ಲ, ಎಲ್ಲ ಗುರುತನ್ನೂ ಮರೆಸಿದ್ದಳು. ಹಾಳಾದ ಈ ಹೆಬ್ಬೆರಳು ಮಾತ್ರ ಅವಳನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಪಾಪದ ವ್ಯಾನಿನವನು ಜೈಲು ನೋಡಬೇಕಾಗುತ್ತದೆ ಈಗ. ಆದರೆ ಹೆದರಿಕೆಯ ಅಡಿಯಿಂದ ಇನ್ನೊಂದು ಮಾತು ಮೆಲ್ಲಗೆ ಮೇಲೆದ್ದು ಬರುತ್ತಿತ್ತು: ಇದು ಅವರ ಕೈ, ಅವರದ್ದೇ. ಹಾಗಂದದ್ದು ಅತ್ತೆ.

"ಅತ್ತೆ, ಪೊಲೀಸ್ ಬೇಡ. ಅವನು ಕದ್ದಿಲ್ಲ. ನಾನೇ ಕೊಟ್ಟಿದ್ದು."

"ನೀನಾ? ಅವರ ಬಾಟ್ಲೀನ?"

"ಮಾವನ ಬಾಟ್ಲಿ ಒಂದೂ ಅಲ್ಲಾಡಿಲ್ಲ, ಹೋಗಿ ಎಣಿಸಿ. ಇದನ್ನ ಬೆರೆಸಿದ್ದು ನಾನು. ನೀವು ನಾದಿನಿ ಮನೇಲಿದ್ರಲ್ಲ, ಆಗ."

"ಸುಳ್ಳು ಹೇಳ್ಬೇಡ. ಹಾಗಾದ್ರೆ ಈ ಬೊಟ್ಟು?"

ಸೊಸೆ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡು ಹೆಬ್ಬೆರಳನ್ನು ಬೊಟ್ಟಿನ ಮೇಲಿಟ್ಟಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಮದುವೆಯಾಗಿ ಬಂದ ವರ್ಷದಿಂದ ಬೊಟ್ಟು ಇಡ್ತಿದ್ದೋಳು ನಾನೇ ಅತ್ತೆ. ಮಾವ ಬಾಟ್ಲಿ ಹಿಡ್ಕೊಳೋರು, ನಾನು ಸುಣ್ಣ ಅದ್ದಿ ಇಡ್ತಿದ್ದೆ. ಇಡ್ತಾ ಇಡ್ತಾ ಒಂದೊಂದು ಪೀಪಾಯಿದೂ ರುಚಿ ತೋರಿಸೋರು, ಯಾವುದಕ್ಕೆ ಯಾವುದು ಅಂತ ಹೇಳೋರು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಅತ್ತೆ ಕೂತರು. ಹೋಟೆಲಿನಾಕೆ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೋಗಬೇಕೋ ಇರಬೇಕೋ ಅವಳಿಗೂ ತಿಳಿಯಲಿಲ್ಲ. ಅತ್ತೆ ಗ್ಲಾಸೆತ್ತಿ ಮತ್ತೊಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ, ನುಂಗಿ, ಮುಖ ಸಿಂಡರಿಸಿದರು.

"ಹುಳಿ ಒಂಚೂರು ಜಾಸ್ತಿ. ಅವರಾಗಿದ್ರೆ ಇನ್ನೂ ಸ್ವಲ್ಪ ದಿನ ಬಿಡೋರು. ಅವಸರ ನಿಂಗೆ, ಎಲ್ಲದ್ರಲ್ಲೂ ಅವಸರ."

"ಈಗ ತಾನೇ ಅವರ ಕೈ ಅಂದ್ರಿ."

"ಅಂದೆ. ಏನೀಗ?" ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅಂದಿದ್ದನ್ನ ವಾಪಸ್ ತಗೊಳೋ ಜಾತಿ ಅಲ್ಲ ನಾನು."

ಹೋಟೆಲಿನಾಕೆಗೆ ಧೈರ್ಯ ಬಂತು. ಅತ್ತೆಯ ಕಡೆ ಬಾಗಿ, "ಹಾಗಾದ್ರೆ ಮುಂದಿನ ವರ್ಷಾನೂ ಕೊಡ್ತೀರಾ ಅಮ್ಮಾ? ಬಂದೋರೆಲ್ಲ ಅದೇ ಕೇಳ್ತಾರೆ," ಅಂದಳು.

"ನನ್ನನ್ನ ಯಾಕ್ರೀ ಕೇಳ್ತೀರಿ? ಮಾಡಿದೋಳು ಎದುರಿಗೇ ಕೂತಿದಾಳಲ್ಲ, ಅವಳನ್ನ ಕೇಳಿ."

ಸೊಸೆ ತಲೆಯೆತ್ತಿದಳು. "ಅತ್ತೆ, ಮ್ಯಾನೇಜರ್?"

"ಊಟ ಮುಗಿಸಿ ಹೋಗೋಣ. ದ್ರಾಕ್ಷಿ ಇಲ್ಲ ಕಣಪ್ಪಾ ಅಂತ ಹೇಳಿ ಬರೋದು ತಾನೇ, ಎಷ್ಟು ಹೊತ್ತಿನ ಕೆಲ್ಸ? ರೀ, ಆ ಇನ್ನೊಂದು ಬಾಟ್ಲೀನೂ ತೆಗೀರಿ. ಏನಾದ್ರೂ ಬಿಸಿಬಿಸಿ ತಿನ್ನೋಕೆ ತನ್ನಿ. ಬೆಳಿಗ್ಗೆಯಿಂದ ಇವಳು ನನ್ನ ಹಲ್ಲು ಕೀಳ್ಸೋಕೆ ಓಡಾಡ್ಸಿದ್ದೇ ಆಯ್ತು."

ಸೊಸೆ ಈಗ ತಡೆಯಲಾರದೆ ನಕ್ಕಳು. ನಗುತ್ತಲೇ ಕಣ್ಣೀರು ಬಂತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಹೊಸ ಬಾಟಲಿ ಬಂತು, ಜೊತೆಗೆ ಹೊಸದೊಂದು ಗ್ಲಾಸು. ಅತ್ತೆ ಅಭ್ಯಾಸದಂತೆ ಗ್ಲಾಸನ್ನು ಎತ್ತಿ ಮೂಗಿನ ಹತ್ತಿರ ಒಯ್ದರು. ಒಯ್ದವರು ನಿಲ್ಲಿಸಿದರು. ಮೂಸದೆ ಅದನ್ನು ಮೇಜಿನ ಮೇಲಿಟ್ಟು, ಸೊಸೆಯ ಕಡೆ ತಳ್ಳಿದರು.

"ಏನು ನನ್ನ ಮುಖ ನೋಡ್ತೀಯ? ಮೂಸಿ ಹೇಳು."

ಸೊಸೆ ಖಾಲಿ ಗ್ಲಾಸಿನೊಳಗೆ ಮೂಗಿಟ್ಟು ಕಣ್ಣು ಮುಚ್ಚಿದಳು.

"ಏನೂ ಇಲ್ಲ ಅತ್ತೆ. ಚೊಕ್ಕವಾಗಿದೆ."

"ಹಾಗಾದ್ರೆ ಸುರಿ."