ಗೋಡೆ ಮೇಲಿನ ಲೋಟ

ಊರಲ್ಲಿ ಶಾಂತಿ ಬೇಕು ಅಂತ ಮೊದಲು ಕೂಗುವವರು ಹೊಡೆದವರೇ. ಮರಿತಾಯಮ್ಮನಿಗೆ ಅದು ಈ ಹದಿನೈದು ದಿನದಲ್ಲಿ ಚೆನ್ನಾಗಿ ಮನದಟ್ಟಾಗಿತ್ತು. ದಲಿತರ ಬೀದಿಯ ಅವಳ ಮಗ ಶಾಂತರಾಜು ಬದನಗುಪ್ಪೆಯಲ್ಲಿ ಫ್ಯಾಕ್ಟರಿ ಕೆಲಸದವನು. ಸಿದ್ದಮಲ್ಲಪ್ಪನ ಹೋಟೆಲಿನೊಳಗೆ ಕೂತು ಗಾಜಿನ ಲೋಟದಲ್ಲಿ ಟೀ ಕುಡಿದ, ಅಷ್ಟೇ. ಸಿದ್ದಮಲ್ಲಪ್ಪ ಸೌದೆ ತುಂಡಿನಲ್ಲಿ ಬಾರಿಸಿ ಅವನ ಬಲಗೈ ಮುರಿದ. ಇವಳು ಕೇಸು ಹಾಕಿದಳು.

ಇವತ್ತು ಅದೇ ಹೋಟೆಲಿನ ಮುಂದೆ ಶಾಂತಿ ಸಭೆ. ಗುಂಡ್ಲುಪೇಟೆಯಿಂದ ಪೊಲೀಸ್ ಸಾಹೇಬರು ಬಂದಿದ್ದರು. ರಾಜಿ ಪತ್ರ ಬರೆದು ತಯಾರಾಗಿತ್ತು.

"ಗಾಜಿನ ಲೋಟದಲ್ಲೇ ಟೀ ಕೊಡ್ತಾರಮ್ಮ. ಕುಡಿದು ಒಂದು ಸೈನ್ ಹಾಕಿಬಿಡು, ಕೇಸು ಮುಗೀಲಿ," ಎಂದರು ಸಾಹೇಬರು.

"ಆಗಿದ್ದು ಆಗೋಯ್ತು ಬುಡು ಮರಿತಾಯಿ," ಎಂದ ಸಿದ್ದಮಲ್ಲಪ್ಪ.

ಅವಳ ಮೈಯೆಲ್ಲ ಉರಿಯಿತು. ಹೋಟೆಲಿನ ಹಿಂದಕ್ಕೆ ಹೋಗಿ, ಗೋಡೆ ಮೇಲಿದ್ದ ಸೊಟ್ಟ ಸ್ಟೀಲ್ ಲೋಟ ಎತ್ತಿಕೊಂಡು ಬಂದಳು. ಅದು ಅವಳ ಬೀದಿಯವರಿಗೆಂದೇ ಇಟ್ಟ ಲೋಟ. ಸತ್ತುಹೋದ ಗಂಡ ಪುಟ್ಟಮಾದು ಮೂವತ್ತು ವರ್ಷ ಅದರಲ್ಲೇ ಕುಡಿದು, ತಾನೇ ತೊಳೆದು, ಬೋರಲು ಹಾಕಿದ್ದ. ಒಂದು ದಿನವಾದರೂ ಸಿದ್ದಮಲ್ಲಪ್ಪ ಮೊದಲ ಸಲಕ್ಕೇ ಒಪ್ಪಿರಲಿಲ್ಲ. "ಜಿಡ್ಡು ಓಗಿಲ್ಲ ಕಣ್ಲಾ, ಇನ್ನೊಂದ್ಸಲ ತೊಳಿ," ಅನ್ನುತ್ತಿದ್ದ.

"ಇದ್ರಲ್ಲೇ ಉಯ್ರಿ," ಎಂದಳು.

ಹೆಂಗಸು ಬಗ್ಗಿದಳು ಅಂದುಕೊಂಡು ಸಿದ್ದಮಲ್ಲಪ್ಪ ಖುಷಿಯಾಗಿ ಹೊಯ್ದ. ಅವಳು ಲೋಟಕ್ಕೆ ತುಟಿಯಿಟ್ಟು ಪೂರ್ತಿ ಕುಡಿದು, ಅದನ್ನು ಅವನ ಮುಂದೆಯೇ ಹಿಡಿದಳು.

"ಇದ ತೊಳ್ದಿಡಿ ಸಿದ್ದಮಲ್ಲಪ್ನೋರೆ. ಮಿಕ್ಕಿದ್ದು ಆಮೇಲೆ ಮಾತಾಡನ."

ಹುಟ್ಟಿದಾಗಿನಿಂದ ಅವನನ್ನು ಒಡೆಯನ ಹಾಗೆ 'ಬುದ್ಧಿ' ಅಂತ ಕರೆದ ಬಾಯಿ ಅದು, ಇವತ್ತು ಹೆಸರು ಹಿಡಿದಿತ್ತು. ಅವನ ಮುಖ ಹುಳ್ಳಗಾಯಿತು. ಸಭೆಗೆ ಬಂದಿದ್ದ ಊರ ಯಜಮಾನರು ನೆಲ ನೋಡಿದರು. ಒಂದು ಲೋಟಕ್ಕೆ ಜೈಲು ಯಾಕೆ ಅಂತ ಸಾಹೇಬರು ಕಿವಿಯಲ್ಲಿ ಹೇಳಿದ ಮೇಲೆ ಅವನು ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಊರೆಲ್ಲ ನೋಡುತ್ತಿರುವಾಗ ತೊಳೆದು ತಂದ.

ಅವಳು ಲೋಟದೊಳಗೆ ಬೆರಳಾಡಿಸಿದಳು.

"ಜಿಡ್ಡು ಓಗಿಲ್ಲ. ಇನ್ನೊಂದ್ಸಲ ತೊಳೀರಿ."

ಅವನು ಮತ್ತೆ ಕೂತು ತೊಳೆದ. ಮೂವತ್ತು ವರ್ಷದ ಮೇಲೆ ಮರಿತಾಯಮ್ಮನ ಹೊಟ್ಟೆ ತಣ್ಣಗಾಯಿತು.

ಸಾಹೇಬರು ಪೆನ್ನು ಚಾಚಿದರು. ಅವಳು ಮುಟ್ಟಲಿಲ್ಲ.

"ತೊಳಿಸಿದ್ದು ನನ್ ಗಂಡಂಗೋಸ್ಕರ ಸ್ವಾಮಿ. ಮಗನ್ ಕೈ ಮುರ್ದಿದ್ದು ಕೋರ್ಟಲ್ಲೇ ತೀರ್ಮಾನ ಆಗ್ಲಿ."

ಲೋಟವನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದ್ಯಾಕೆ ತಕಂಡೋಗ್ತಿದ್ದೀಯೆ?" ಎಂದ ಸಿದ್ದಮಲ್ಲಪ್ಪ.

"ಸಾಕ್ಷಿಗೆ ಬೇಕು," ಎಂದು ಅವಳು ತನ್ನ ಬೀದಿಯ ಕಡೆ ನಡೆದಳು.