ಮಂಜಿನೊಳಗೆ ಗುರುಗುಟ್ಟಿದ ಪೀಟಿ

ಅಂದು ಬೆಳಿಗ್ಗೆ ಸಬ್‌ಸ್ಟೇಷನ್ನಿನ ಅಂಗಳವೆಲ್ಲ ಮಂಜಿನಲ್ಲಿ ತೇಲುತ್ತಿತ್ತು. ಕಂಬಗಳಿಗೆ ಬುಡವಿರಲಿಲ್ಲ, ತಂತಿಗಳಿಗೆ ತುದಿಯಿರಲಿಲ್ಲ. ಕಂಟ್ರೋಲ್ ರೂಮಿನ ಕಿಟಕಿಗೆ ಹಣೆಯೊತ್ತಿ ನಿಂತ ಆಪರೇಟರ್ ಹುಡುಗಿಗೆ ತಾನು ಎದ್ದು ಬಂದಿದ್ದೇನೋ, ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂಬ ಅನುಮಾನ. ದುರಸ್ತಿ ತಂಡದ ಮುಖ್ಯಸ್ಥೆ ಅವಳ ಒಡಹುಟ್ಟಿದ ಅಕ್ಕ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. "ಕಣ್ಬಿಟ್ಕೊಂಡೇ ನಿದ್ದೆ ಮಾಡ್ಬೇಡ ಕಣೇ" ಎಂದು ಗದರಿಯೇ ಅಂಗಳಕ್ಕಿಳಿದಿದ್ದಳು.

ದುರಸ್ತಿಗೆಂದು ಬ್ರೇಕರ್ ತೆರೆದು ಕರೆಂಟು ನಿಲ್ಲಿಸಿದ್ದಾಗಿತ್ತು. ಆದರೆ ಸೊನ್ನೆಗಿಳಿಯಬೇಕಿದ್ದ ವೋಲ್ಟೇಜ್ ಮೀಟರಿನ ಮುಳ್ಳು ತೂಗಾಡುತ್ತ ಮೇಲೇರಿತು.

"ಮೀಟರ್ ಕೆಟ್ಟಿರ್ಬೇಕು ಬಿಡಮ್ಮ" ಎಂದರು ಪಕ್ಕದಲ್ಲಿದ್ದ ಇಂಜಿನಿಯರ್ ಸಾಹೇಬರು, ಕನ್ನಡಕ ಒರೆಸುತ್ತ.

ಅಷ್ಟರಲ್ಲಿ ಮಂಜಿನಾಚೆಯಿಂದ ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಗುರುಗುಟ್ಟಿದಂಥ ಸದ್ದು. ವೋಲ್ಟೇಜ್ ಅಳೆಯಲು ಅಂಗಳದಲ್ಲಿ ನಿಲ್ಲಿಸಿದ್ದ, ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಪೀಟಿಯದು. ಅವಳಿಗೆ ತಟ್ಟನೆ ಹೊಳೆಯಿತು. ಎಂದೋ ಓದಿದ್ದ ಫೆರೋರೆಸೊನೆನ್ಸ್! ತೆರೆದ ಬ್ರೇಕರಿನ ಕೆಪಾಸಿಟರುಗಳೊಳಗಿಂದ ಕಳ್ಳತನದಲ್ಲಿ ನುಸುಳುವ ವಿದ್ಯುತ್ತು, ಹದವರಿತು ನೂಕಿದ ಉಯ್ಯಾಲೆಯಂತೆ ಪೀಟಿಯ ಕಬ್ಬಿಣದೊಡನೆ ಜೀಕುತ್ತ ಜೀಕುತ್ತ ಅದಕ್ಕೆ ಹುಚ್ಚು ಹಿಡಿಸುತ್ತದೆ. ಒಳಗಿನ ಎಣ್ಣೆ ಕುದಿದು ಸಿಡಿಯಲೂಬಹುದು.

ಅವಳು ವಾಕಿಟಾಕಿ ಬಾಚಿಕೊಂಡಳು. "ಅಕ್ಕಾ, ಪೀಟಿ ಹತ್ರ ಯಾರೂ ಇರ್ಬೇಡಿ! ಗೋಡೆ ಹಿಂದಕ್ಕೆ ಓಡಿ!"

"ಕರೆಂಟೇ ಇಲ್ವಲ್ಲೇ?"

"ಇದೆ ಅಕ್ಕ. ನನ್ನಾಣೆ, ಓಡು!"

ಆಣೆಯ ಮಾತು ಕೇಳಿದ್ದೇ ಅಕ್ಕ ತಂಡವನ್ನು ಕೂಗಿ ಕರೆದಳು. ಐದು ಹಳದಿ ಹೆಲ್ಮೆಟ್ಟುಗಳು ಬೆಳ್ಳನೆಯ ನೀರಿನಲ್ಲಿ ಈಜಿದಂತೆ ಗೋಡೆಯತ್ತ ಸರಿದವು. ಅವಳು ಸಾಹೇಬರ ಮುಖ ನೋಡಿದಳು. ಅವರೂ ಸದ್ದು ಕೇಳಿಸಿಕೊಂಡಿದ್ದರು, ಆಗಲಿ ಎಂದು ತಲೆಯಾಡಿಸಿದರು. ಪೀಟಿಯನ್ನು ತಂತಿಯಿಂದ ಬೇರ್ಪಡಿಸಲು ಐಸೊಲೇಟರಿನ ಗುಂಡಿ ಒತ್ತಿದಳು. ಮೋಟಾರು ಗೊಣಗಿತು. ಉದ್ದನೆಯ ಲೋಹದ ತೋಳುಗಳು, ಆಲಸ್ಯದಿಂದ ಮೈಮುರಿಯುವವರಂತೆ, ಮೆಲ್ಲಗೆ, ತೀರ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿದವು.

ಅವು ಪೂರ್ತಿ ತೆರೆಯುವ ಮುನ್ನವೇ ಪೀಟಿ ಸಿಡಿಯಿತು. ಮಂಜೆಲ್ಲ ಒಮ್ಮೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಪೀಟಿಯ ಪಿಂಗಾಣಿ ಹೊದಿಕೆಯ ಚೂರುಗಳು ಬಿಳಿ ಹಕ್ಕಿಗಳಂತೆ ಮೇಲೆದ್ದು, ಅರೆಗಳಿಗೆ ಅಲ್ಲೇ ನಿಂತು, ಬಳಿಕ ತಂಡ ಏಣಿ ಹೂಡಿದ್ದ ಜಾಗದ ಮೇಲೆ ಸುರಿದವು.

ಅವಳು ವಾಕಿಟಾಕಿಯನ್ನು ಕಿವಿಗೆ ಒತ್ತಿಕೊಂಡಳು.

"ಐದೂ ಜನ ಇದೀವಿ" ಎಂದಿತು ವಾಕಿಟಾಕಿಯಲ್ಲಿ ಅಕ್ಕನ ದನಿ. "ಎಲ್ಲಾ ಸರಿಯಾಗಿದೀವಿ."

ಬೆಂಕಿ ನಂದಿಸಿದ ಮೇಲೆ ಅಕ್ಕ ಮೆಟ್ಟಿಲೇರಿ ಬಂದಳು. ಮುಖದ ತುಂಬ ಮಸಿ. ಸಾಹೇಬರು ಕೊಟ್ಟ ನೀರನ್ನು ಗಟಗಟನೆ ಕುಡಿದಳು. ತಂಗಿಯ ಪಕ್ಕ ಕುಳಿತು ಅವಳ ಹೆಗಲಿಗೆ ತಲೆಯಾನಿಸಿದಳು.

"ಸುಸ್ತಾಗಿದೆ ಕಣೇ. ಸ್ವಲ್ಪ ಹೊತ್ತು ಹೀಗೇ ಇರ್ತೀನಿ."

"ಇರು ಅಕ್ಕ" ಎಂದು ತಂಗಿ ಅವಳ ಮಸಿಗೈಯನ್ನು ತನ್ನ ಮಡಿಲಿಗೆಳೆದುಕೊಂಡಳು.